ಕೊನೆಯ ಬಸ್ಸಿನಿಂದ ಲೆಕ್ಕ ಹಾಕಿ: ಜಪಾನಿನ ಜ್ವಾಲಾಮುಖಿಗೆ ರೈಲು, ಬಸ್ಸಲ್ಲೇ ಹೋಗಿಬರುವುದು ಹೇಗೆ

ಮೊದಲು ಒಂದು ಹಾಳೆ ತಗೊಳ್ಳಿ. ಅದರ ಕೆಳತುದಿಯಲ್ಲಿ ಬೆಟ್ಟದಿಂದ ವಾಪಸ್ ಬರುವ ಕೊನೆಯ ಬಸ್ಸಿನ ಟೈಮ್ ಬರೆಯಿರಿ. ಬೆಟ್ಟದ ಎತ್ತರ, ಫೋಟೋ, ವಿಡಿಯೋ ಎಲ್ಲ ಆಮೇಲೆ. ಜಪಾನಿನಲ್ಲಿ ಕಾರು ಇಲ್ಲದೆ ಜ್ವಾಲಾಮುಖಿ ಹತ್ತಬಹುದು, ನಾನೂ ನನ್ನ ತಂಗಿಯೂ ಹತ್ತಿ ಬಂದಿದ್ದೇವೆ. ಆದರೆ ಪ್ಲಾನ್ ಮಾತ್ರ ಕೊನೆಯ ಬಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರಬೇಕು.

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾರು, ಬೈಕು ಎಲ್ಲ ಕೆಳಗೇ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೇ ಮೇಲೆ ಹೋಗಬೇಕು, ಅದರಲ್ಲೇ ಇಳಿಯಬೇಕು. ಮೇಲೆ ಮಂಜು ಎಷ್ಟೇ ಚೆನ್ನಾಗಿರಲಿ, ಸಂಜೆಯ ಬಸ್ಸು ಬಂದಾಗ ಎದ್ದು ಬರಲೇಬೇಕು ಅಲ್ವಾ? ಜಪಾನಿನ ಬೆಟ್ಟಗಳೂ ಹಾಗೇ. ವ್ಯತ್ಯಾಸ ಏನಂದರೆ ಅಲ್ಲಿ ಭಾಷೆ ಬರಲ್ಲ, ಪರಿಚಯದವರಿಲ್ಲ, ಬಸ್ಸು ತಪ್ಪಿದರೆ ಟ್ಯಾಕ್ಸಿ ಮೀಟರು ಸಾವಿರಗಟ್ಟಲೆ ಯೆನ್ ಓಡುತ್ತದೆ. ಜೊತೆಗೆ ಕಾಲ ಕೆಳಗಿನ ಬೆಟ್ಟಕ್ಕೆ ಜೀವ ಇದೆ.

ಜೀವ ಇದೆ ಅಂದರೆ ಏನು? ಕಳೆದ 10,000 ವರ್ಷಗಳಲ್ಲಿ ಉಕ್ಕಿರುವ, ಇಲ್ಲವೇ ಈಗಲೂ ಹಬೆ, ಅನಿಲ ಬಿಡುತ್ತಿರುವ ಬೆಟ್ಟಗಳನ್ನೆಲ್ಲ ಜಪಾನಿನ ಹವಾಮಾನ ಸಂಸ್ಥೆ ಜೀವಂತ ಜ್ವಾಲಾಮುಖಿ ಅಂತ ಲೆಕ್ಕಕ್ಕೆ ತಗೊಳ್ಳುತ್ತದೆ. ಅಂಥವು ಅಲ್ಲಿ 111 ಇವೆ. ನಮ್ಮ ದೇಶದಲ್ಲಿ ಬೆಂಕಿ ಬೆಟ್ಟ ಅಂತ ಹೇಳಿಕೊಳ್ಳಲು ಇರುವುದು ಅಂಡಮಾನಿನ ಬ್ಯಾರೆನ್ ದ್ವೀಪ ಒಂದೇ. ಕಲ್ಲು ಅಂದರೆ ಅಲುಗಾಡದ ವಸ್ತು ಅಂತಲೇ ತಿಳಿದು ಚಾಮುಂಡಿ ಬೆಟ್ಟ ನೋಡುತ್ತಾ ಬೆಳೆದವರಿಗೆ, ನೆಲದೊಳಗಿಂದ ಹಬೆ ಬುಸುಗುಡುವುದನ್ನು ಹತ್ತಿರದಿಂದ ನೋಡುವುದು ಮರೆಯುವಂಥದ್ದಲ್ಲ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿಂದ ಹೋಗುವವರು ಟೋಕಿಯೊ, ಕ್ಯೋಟೋ ನೋಡಿ ಬಂದುಬಿಡುತ್ತಾರೆ. ಒಂದು ದಿನ ಇದಕ್ಕೂ ಇಡಿ.

ಯಾವ ಬೆಟ್ಟ

ಎಲ್ಲರ ಬಾಯಲ್ಲೂ ಮೊದಲು ಬರುವುದು ಫೂಜಿ. 3776 ಮೀಟರ್. ಅದೂ ಜೀವಂತ ಜ್ವಾಲಾಮುಖಿಯೇ, ಕೊನೆಯ ಸಲ ಉಕ್ಕಿದ್ದು 1707ರಲ್ಲಿ. ಟೋಕಿಯೊದ ಶಿಂಜುಕುವಿನಿಂದ ನೇರ ಬಸ್ಸಿದೆ, ಕವಾಗುಚಿಕೊ ಸ್ಟೇಷನ್ನಿನಿಂದಲೂ ಐದನೇ ನಿಲ್ದಾಣಕ್ಕೆ, ಅಂದರೆ 2305 ಮೀಟರ್ ಎತ್ತರದವರೆಗೆ ಬಸ್ಸು ಹೋಗುತ್ತದೆ. ಆದರೆ ಹತ್ತುವ ಕಾಲ ಜುಲೈ ಮೊದಲಿನಿಂದ ಸೆಪ್ಟೆಂಬರ್ 10ರವರೆಗೆ ಮಾತ್ರ. 2025ರಿಂದ ಎಲ್ಲ ದಾರಿಗಳಿಗೂ 4000 ಯೆನ್ ಕಟ್ಟಬೇಕು, ಮೇಲೆ ಉಳಿಯಲು ಗುಡಿಸಲು ಬುಕ್ ಆಗಿಲ್ಲದಿದ್ದರೆ ಮಧ್ಯಾಹ್ನ 2 ಗಂಟೆಯ ಮೇಲೆ ಗೇಟಿನಿಂದ ಒಳಗೆ ಬಿಡುವುದಿಲ್ಲ. ಮೊದಲ ಸಲಕ್ಕೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಎತ್ತರ, ಚಳಿ, ಜನ ಮೂರೂ ಜಾಸ್ತಿ, ಹಬೆ ಮಾತ್ರ ಎಲ್ಲೂ ಕಾಣಿಸುವುದಿಲ್ಲ.

ಕಾಗೋಶಿಮಾದ ಸಕುರಾಜಿಮಾ ಇದಕ್ಕೆ ಉಲ್ಟಾ. ಬೂದಿ ಉಗುಳುತ್ತಲೇ ಇರುತ್ತದೆ, ಊರಿಂದ ಫೆರಿಯಲ್ಲಿ 15 ನಿಮಿಷ, ಅಲ್ಲಿಂದ ಸುತ್ತು ಬಸ್ಸು 373 ಮೀಟರ್ ಎತ್ತರದ ಯುನೊಹಿರಾ ಅನ್ನುವ ಜಾಗದವರೆಗೆ ಹೋಗುತ್ತದೆ. ಅಲ್ಲಿಂದ ಮೇಲೆ ಯಾರನ್ನೂ ಬಿಡುವುದಿಲ್ಲ. ನೋಡಲು ಅದ್ಭುತ, ಹತ್ತಲು ಆಗುವುದಿಲ್ಲ.

ಜಾಸ್ತಿ ನಡೆಯಲಾಗದ ಅಪ್ಪ, ಅಮ್ಮ ಜೊತೆಗಿದ್ದರೆ ಕ್ಯುಶು ದ್ವೀಪದ ಅಸೊ ಒಳ್ಳೆಯದು. ಕುಮಾಮೊಟೊದಿಂದ ಹೊಹಿ ಲೈನ್ ರೈಲಿನಲ್ಲಿ ಅಸೊ ಸ್ಟೇಷನ್, ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ ಚಿಲ್ಲರೆ ಮೇಲಕ್ಕೆ, ಅಲ್ಲಿಂದ ಇನ್ನೊಂದು ಪುಟ್ಟ ಬಸ್ಸು ಕುಳಿಯ ಬಾಯಿಯವರೆಗೇ ಬಿಡುತ್ತದೆ. 2016ರ ಭೂಕಂಪದಲ್ಲಿ ಈ ರೈಲು ದಾರಿ ಕೊಚ್ಚಿಹೋಗಿ 2020ರ ಆಗಸ್ಟಿನಲ್ಲಿ ಮತ್ತೆ ತೆರೆಯಿತು. ತಾತೆನೊ ಹತ್ತಿರ ರೈಲು ಏರು ಹತ್ತಲಾರದೆ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ ಏರುವುದನ್ನು ಕಿಟಕಿಯಲ್ಲಿ ಕೂತು ನೋಡಬೇಕು. ಆದರೆ ಅಸೊದ ಕುಳಿ ಸಲ್ಫರ್ ಡೈಆಕ್ಸೈಡ್ ಅನಿಲವನ್ನು ಸದಾ ಬಿಡುತ್ತಿರುತ್ತದೆ. ಗಾಳಿ ಈ ಕಡೆ ತಿರುಗಿತು ಅಂದರೆ ತಕ್ಷಣ ಎಲ್ಲರನ್ನೂ ಕೆಳಗೆ ಕಳಿಸುತ್ತಾರೆ. ಆಸ್ತಮಾ, ಎದೆಯ ತೊಂದರೆ ಇದ್ದವರು ಹತ್ತಿರ ಹೋಗಲೇಬಾರದು. ಬೋರ್ಡಿನಲ್ಲಿ ಸುಮ್ನೆ ಬರೆದಿರುವ ಮಾತಲ್ಲ ಇದು, ಅಲ್ಲಿ ಆ ಅನಿಲದಿಂದಲೇ ಜನ ಸತ್ತಿದ್ದಾರೆ.

ನಾನು ಇಲ್ಲಿ ವಿವರವಾಗಿ ಹೇಳುವುದು ತೊಚಿಗಿ ಪ್ರಾಂತ್ಯದ ನಾಸು ಬೆಟ್ಟಸಾಲಿನ ಚೌಸು ದಾಕೆ. 1915 ಮೀಟರ್. ಚೌಸು ಅಂದರೆ ಚಹಾ ಎಲೆ ಬೀಸುವ ಕಲ್ಲು, ದಾಕೆ ಅಂದರೆ ಶಿಖರ. ನಮ್ಮಜ್ಜಿ ಮನೆಯ ರಾಗಿ ಬೀಸುವ ಕಲ್ಲನ್ನು ನೆನೆಸಿಕೊಂಡರೆ ಆಕಾರ ಕಣ್ಣಿಗೆ ಬರುತ್ತದೆ. ಟೋಕಿಯೊದಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ವಾಪಸ್ ಬರಬಹುದು, ಅರ್ಧ ದಾರಿಗೆ ರೋಪ್‌ವೇ ಇದೆ, ಮೇಲೆ ಹಬೆ ಬಿಡುವ ಕಿಂಡಿಗಳು ದಾರಿಯ ಪಕ್ಕದಲ್ಲೇ ಇವೆ. ಕೊನೆಯದಾಗಿ ಸಣ್ಣಗೆ ಸಿಡಿದದ್ದು 1963ರಲ್ಲಿ.

ಲೆವೆಲ್ ನೋಡುವುದು

ಜಪಾನಿನ ಹವಾಮಾನ ಸಂಸ್ಥೆಯವರು 2007ರ ಡಿಸೆಂಬರಿನಿಂದ ಜ್ವಾಲಾಮುಖಿಗಳಿಗೆ 1ರಿಂದ 5ರವರೆಗೆ ಎಚ್ಚರಿಕೆಯ ಲೆವೆಲ್ ಕೊಡುತ್ತಾ ಬಂದಿದ್ದಾರೆ. 5 ಅಂದರೆ ಊರು ಬಿಡಿ. 4 ಅಂದರೆ ಬಿಡಲು ತಯಾರಾಗಿ, ವಯಸ್ಸಾದವರು ಈಗಲೇ ಹೊರಡಿ. 3 ಅಂದರೆ ಬೆಟ್ಟದ ಕಡೆ ಬರಬೇಡಿ. 2 ಅಂದರೆ ಕುಳಿಯ ಸುತ್ತ ಹೋಗಬೇಡಿ. 1 ಅಂದರೆ ಹತ್ತಬಹುದು, ಆದರೆ ಇದು ಜೀವಂತ ಬೆಟ್ಟ ಅನ್ನುವುದು ನೆನಪಿರಲಿ. ಅವರ ವೆಬ್‌ಸೈಟಿನಲ್ಲಿ ಇಂಗ್ಲಿಷಿನಲ್ಲೂ ಸಿಗುತ್ತದೆ. ಪ್ಲಾನ್ ಮಾಡುವಾಗ ಒಮ್ಮೆ, ಹಿಂದಿನ ರಾತ್ರಿ ಒಮ್ಮೆ, ಹೊರಡುವ ದಿನ ಬೆಳಿಗ್ಗೆ ಒಮ್ಮೆ ನೋಡಿ. ಮೂರು ಸಲವೂ ನೋಡಿ.

ಲೆವೆಲ್ 1 ಅಂದರೆ ಸುರಕ್ಷಿತ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2014ರ ಸೆಪ್ಟೆಂಬರ್ 27, ಶನಿವಾರ. ಎಲೆಗಳು ಕೆಂಪಾಗುವ ಕಾಲ, ಒಳ್ಳೆ ಬಿಸಿಲು, ಒಂತಾಕೆ ಬೆಟ್ಟದ ತುದಿಯಲ್ಲಿ ಜನ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. 11 ಗಂಟೆ 52 ನಿಮಿಷಕ್ಕೆ ಬೆಟ್ಟ ಸಿಡಿಯಿತು. 58 ಜನ ಸತ್ತರು, ಇನ್ನೂ 5 ಜನ ಸಿಕ್ಕೇ ಇಲ್ಲ. ಅವತ್ತಿನ ಲೆವೆಲ್ 1. ಆಗ ಲೆವೆಲ್ 1ಕ್ಕೆ ‘ಮಾಮೂಲಿ’ ಅನ್ನುವ ಅರ್ಥದ ಪದ ಇತ್ತು. ಆ ಪದವೇ ಜನರ ಎಚ್ಚರ ತಪ್ಪಿಸುತ್ತದೆ ಅಂತ 2015ರಲ್ಲಿ ಅದನ್ನು ತೆಗೆದು, ಈಗಿರುವ ‘ಜೀವಂತ ಬೆಟ್ಟ ಅನ್ನುವುದು ನೆನಪಿರಲಿ’ ಅನ್ನುವ ಮಾತು ಹಾಕಿದರು. 2018ರ ಜನವರಿಯಲ್ಲಿ ಕುಸಾತ್ಸು ಹತ್ತಿರದ ಮೊತೊಶಿರಾನೆಯೂ ಲೆವೆಲ್ 1ರಲ್ಲಿದ್ದಾಗಲೇ ಸ್ಕೀ ಆಡುತ್ತಿದ್ದವರ ಪಕ್ಕದಲ್ಲಿ ಸಿಡಿದು ಒಬ್ಬರು ಸತ್ತರು.

ಇವು ಲಾವಾ ಹರಿಯುವ ಸಿಡಿತಗಳಲ್ಲ. ನೆಲದೊಳಗಿನ ನೀರು ಬಿಸಿಗೆ ಒಮ್ಮೆಲೇ ಹಬೆಯಾಗಿ, ಕುಕ್ಕರಿನ ಮುಚ್ಚಳ ಹಾರಿದ ಹಾಗೆ ಮೇಲಿನ ಕಲ್ಲನ್ನು ಎಸೆಯುತ್ತದೆ. ಕೆಳಗಿಂದ ಕಲ್ಲಿನ ರಸ ಏರಿ ಬರುವಾಗ ಯಂತ್ರಗಳಿಗೆ ಎಷ್ಟೋ ಮುಂಚೆ ಸುಳಿವು ಸಿಗಬಹುದು. ಹಬೆಯ ಸಿಡಿತಕ್ಕೆ ಅಂಥ ಸುಳಿವು ತೀರಾ ಕಡಿಮೆ. ಹಾಗಾಗಿ ಬೆಟ್ಟದ ಮೇಲೆ ಎಲ್ಲಿ ನಿಂತರೂ ಕಣ್ಣು ಎರಡು ಜಾಗ ಹುಡುಕುತ್ತಿರಲಿ: ಕುಳಿ ಯಾವ ಕಡೆ, ದೊಡ್ಡ ಬಂಡೆಯೋ ಗುಡಿಸಲೋ ಯಾವ ಕಡೆ. ಸಿಡಿದರೆ ಫೋನ್ ತೆಗೆದು ವಿಡಿಯೋ ಮಾಡುತ್ತಾ ನಿಲ್ಲಬೇಡಿ. ಬ್ಯಾಗನ್ನು ತಲೆಯ ಮೇಲಿಟ್ಟುಕೊಂಡು ಬಂಡೆಯ ಹಿಂದೆ ಸೇರಿಕೊಳ್ಳಿ. ಕಲ್ಲು ಬೀಳುವುದು ನಿಂತ ಮೇಲೆ ಕುಳಿಯಿಂದ ದೂರ ಇಳಿಯಿರಿ. ಒಂತಾಕೆಯಲ್ಲಿ ಹೆಚ್ಚಿನವರು ಸತ್ತದ್ದು ಹಾರಿಬಂದ ಕಲ್ಲು ತಗುಲಿ. ಹೆಲ್ಮೆಟ್ ಒಯ್ಯುವುದು ಜಾಸ್ತಿಯಾಯಿತು ಅಂತ ಮನೆಯವರು ನಗಬಹುದು. ಒಯ್ಯಿರಿ.

ದಿನದ ಲೆಕ್ಕ, ಹಿಂದಿನಿಂದ ಮುಂದಕ್ಕೆ

ಟೋಕಿಯೊದಿಂದ ನಾಸು ಶಿಯೊಬಾರಾ ಸ್ಟೇಷನ್ನಿಗೆ ತೊಹೊಕು ಶಿಂಕಾನ್ಸೆನ್ ಅನ್ನುವ ಬುಲೆಟ್ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ, ಒಂದು ಕಡೆಗೆ ಸುಮಾರು 6000 ಯೆನ್. ಅಲ್ಲಿಂದ ಕುರೊಇಸೊ, ನಾಸು ಯುಮೊತೊ ದಾಟಿ ರೋಪ್‌ವೇ ಬುಡಕ್ಕೆ ಹೋಗುವ ಬಸ್ಸು ಸುಮಾರು 75 ನಿಮಿಷ ತಗೊಳ್ಳುತ್ತದೆ. ಈ ಬಸ್ಸು ದಿನಕ್ಕೆ ಬೆರಳೆಣಿಕೆಯಷ್ಟು. ರೋಪ್‌ವೇ 1390 ಮೀಟರಿನಿಂದ 1684 ಮೀಟರಿಗೆ ನಾಲ್ಕೇ ನಿಮಿಷದಲ್ಲಿ ಎತ್ತಿಬಿಡುತ್ತದೆ. ಅಲ್ಲಿಂದ ತುದಿಗೆ ಮುಕ್ಕಾಲು ಗಂಟೆ. ತುದಿಯಲ್ಲಿ ಕುಳಿಯ ಅಂಚು ಸುತ್ತಿ, ಮಿನೆ ನೊ ಚಾಯಾ ಅನ್ನುವ, ಎರಡು ಶಿಖರಗಳ ನಡುವಿನ ತಗ್ಗಿಗೆ ಇಳಿದು, ಅಲ್ಲಿಂದ ನಡೆದೇ ಬಸ್ಸಿನ ಜಾಗಕ್ಕೆ ಬಂದರೆ ಒಟ್ಟು ಮೂರು ಗಂಟೆ. ಇದು ಅಲ್ಲಿನ ನಕ್ಷೆಗಳಲ್ಲಿ ಕೊಡುವ ಟೈಮು. ಅದರಲ್ಲಿ ನಿಂತು ನೀರು ಕುಡಿಯುವುದು, ಫೋಟೋ, ಬುತ್ತಿ ಯಾವುದೂ ಸೇರಿಲ್ಲ. ನಮ್ಮಂಥವರು ಮೂರು ಗಂಟೆಗೆ ಇನ್ನೊಂದು ಸೇರಿಸಿ ನಾಲ್ಕು ಅಂತ ಇಟ್ಟುಕೊಳ್ಳಬೇಕು.

ಈಗ ಹಾಳೆಗೆ ಬನ್ನಿ. ಕೊನೆಯ ಬಸ್ಸು ಸಂಜೆ 4ಕ್ಕೆ, ಅದರ ಹಿಂದಿನದು 3ಕ್ಕೆ ಅಂತ ಇಟ್ಟುಕೊಳ್ಳೋಣ. ಟೈಮ್‌ಟೇಬಲ್ ಬದಲಾಗುತ್ತಿರುತ್ತದೆ, ಇದು ಲೆಕ್ಕ ತೋರಿಸಲು ಮಾತ್ರ. ಗುರಿ ಇಡಬೇಕಾದ್ದು 3ರ ಬಸ್ಸಿಗೆ, 4ರದ್ದು ಕೈಮೀರಿದರೆ ಇರಲಿ ಅಂತ. 2:30ಕ್ಕೆ ಸ್ಟಾಪಿನಲ್ಲಿ ಇರಬೇಕು. ನಡಿಗೆ ನಾಲ್ಕು ಗಂಟೆ, ಅಂದರೆ 10:30ಕ್ಕೆ ಮೇಲಿನಿಂದ ಶುರು. ರೋಪ್‌ವೇ ಸಾಲಿಗೆ ಅರ್ಧ ಗಂಟೆ, ಅಂದರೆ 10ಕ್ಕೆ ಬುಡದಲ್ಲಿ. ಬಸ್ಸು 8:45ಕ್ಕೆ ನಾಸು ಶಿಯೊಬಾರಾದಿಂದ. ರೈಲು, ಇಳಿದು ಬಸ್ ಸ್ಟಾಪ್ ಹುಡುಕುವ ಟೈಮು ಸೇರಿಸಿದರೆ ಟೋಕಿಯೊದಲ್ಲಿ ಬೆಳಿಗ್ಗೆ 7:15ಕ್ಕೆ ರೈಲಿನಲ್ಲಿ ಕೂತಿರಬೇಕು. ಹೀಗೆ ಬರೆದಾಗ ಎಲ್ಲಿ ಸಡಿಲ ಇದೆ, ಎಲ್ಲಿ ಇಲ್ಲ ಅಂತ ಕಣ್ಣಿಗೆ ಕಾಣುತ್ತದೆ. ಮುಂದಿನಿಂದ ಬರೆದರೆ ಎಲ್ಲ ಕಡೆ ಟೈಮ್ ಇರುವ ಹಾಗೇ ಕಾಣುತ್ತದೆ.

ಈಗ ನಮಗೆ ಆದದ್ದು. ನಾವು ಹೋದದ್ದು ಅಕ್ಟೋಬರಿನ ಒಂದು ಸೋಮವಾರ. ವಾರದ ದಿನ, ಜನ ಕಡಿಮೆ ಇರುತ್ತಾರೆ ಅಂತ ಕುವೆಂಪುನಗರದ ಮನೆಯಲ್ಲಿ ಕೂತು ಲೆಕ್ಕ ಹಾಕಿದ್ದೆವು. ಆದರೆ ಅಕ್ಟೋಬರಿನ ಎರಡನೇ ಸೋಮವಾರ ಅಲ್ಲಿ ಕ್ರೀಡಾ ದಿನದ ರಜೆ. ಜುಲೈ ಮತ್ತು ಸೆಪ್ಟೆಂಬರಿನ ಮೂರನೇ ಸೋಮವಾರಗಳೂ ರಜೆಯೇ. ರಜೆಯ ದಿನ ಬಸ್ಸಿಗೆ ಬೇರೆ ಟೈಮ್‌ಟೇಬಲ್. ಅದು ಹೇಗೋ ಹೊಂದಿಕೊಂಡಿತು, ಆದರೆ ಎಲೆ ಕೆಂಪಾಗುವ ಕಾಲದ ರಜೆ ಅಂದರೆ ಟೋಕಿಯೊದ ಅರ್ಧ ಜನ ಕಾರು ತಗೊಂಡು ಅದೇ ಒಂದು ಘಾಟಿ ರಸ್ತೆಗೆ ಬಂದಿದ್ದರು. ಇಳಿದು ಬಂದು ಸ್ಟಾಪಿನಲ್ಲಿ ನಿಂತೆವು. ದಸರಾ ದಿನ ಬೆಟ್ಟದ ರಸ್ತೆ ಹೇಗಿರುತ್ತದೋ ಹಾಗೆ ಕಾರುಗಳು ನಿಂತಲ್ಲೇ ನಿಂತಿದ್ದವು. ಬಸ್ಸು 50 ನಿಮಿಷ ತಡವಾಗಿ ಬಂತು, ಬಂದ ಮೇಲೆ ಕೆಳಗಿಳಿಯಲು ಇನ್ನೂ ಜಾಸ್ತಿ ಹೊತ್ತು. ಚಾಲಕರ ತಪ್ಪೇನಿಲ್ಲ ಅದರಲ್ಲಿ. ಬಿಸಿಲು ಹೋಗಿತ್ತು, ಬೆವರಿದ ಬಟ್ಟೆ ತಣ್ಣಗಾಗಿತ್ತು, ತಂಗಿಯ ತುಟಿ ನಡುಗುತ್ತಿತ್ತು. ಆ ಐವತ್ತು ನಿಮಿಷದಲ್ಲಿ ಕಲಿತದ್ದು ಎರಡು. ಒಣ ಬನಿಯನ್ ಒಂದನ್ನು ಬ್ಯಾಗಿನ ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಕು, ಇಳಿದ ಕೂಡಲೇ ಬದಲಾಯಿಸಬೇಕು. ವಾಪಸ್ ಬರುವ ಶಿಂಕಾನ್ಸೆನ್‌ಗೆ ಸೀಟು ಗೊತ್ತು ಮಾಡಬಾರದು, ‘ಜಿಯುಸೆಕಿ’ ಅಂದರೆ ಎಲ್ಲಿ ಬೇಕಾದರೂ ಕೂರುವ ಡಬ್ಬಿಯ ಟಿಕೆಟ್ ತಗೊಳ್ಳಬೇಕು. ನಾವು ಹಾಗೇ ತಗೊಂಡಿದ್ದರಿಂದ ಒಂದು ರೈಲು ತಪ್ಪಿದರೂ ಮುಂದಿನದರಲ್ಲಿ ಕೂತು ಬಂದೆವು, ಒಂದು ಯೆನ್ನೂ ನಷ್ಟವಾಗಲಿಲ್ಲ.

ಟೈಮ್‌ಟೇಬಲ್ ಓದಲು ಮೂರು ಪದ ಗೊತ್ತಿದ್ದರೆ ಸಾಕು. ‘ಹೇಜಿತ್ಸು’ ಅಂದರೆ ವಾರದ ದಿನ, ‘ಕ್ಯೂಜಿತ್ಸು’ ಅಂದರೆ ರಜೆ, ‘ಉನ್‌ಕ್ಯೂ’ ಅಂದರೆ ಓಡುವುದಿಲ್ಲ. ಅಕ್ಷರ ಓದಲು ಬರದಿದ್ದರೆ ಫೋನ್ ಕ್ಯಾಮೆರಾ ಹಿಡಿದರೆ ಗೂಗಲ್ ಟ್ರಾನ್ಸ್‌ಲೇಟ್ ಇಂಗ್ಲಿಷಿಗೆ ತಿರುಗಿಸಿ ತೋರಿಸುತ್ತದೆ. ರೈಲಿಗೆ ಗೂಗಲ್ ಮ್ಯಾಪ್ ನಂಬಬಹುದು. ಬೆಟ್ಟದ ಬಸ್ಸಿಗೆ ಅದನ್ನೊಂದೇ ನಂಬಬೇಡಿ. ಬಸ್ಸಿನವರ ಸ್ವಂತ ವೆಬ್‌ಸೈಟಿನಲ್ಲಿರುವ ಪಿಡಿಎಫ್ ಹುಡುಕಿ, ಅದರ ಮೇಲಿನ ದಿನಾಂಕ ನೋಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಟೂರಿಸ್ಟ್ ಕೌಂಟರಿಗೆ ಹೋಗಿ ಹಾಳೆ ತೋರಿಸಿ, ಬೆರಳಿಟ್ಟು ‘ಕ್ಯೋ?’ ಅಂತ ಕೇಳಿ. ಇವತ್ತಾ, ಅಂತ. ಅವರು ಪೆನ್ನು ತಗೊಂಡು ಸರಿಯಾದ ಸಾಲಿಗೆ ಗೀಟು ಎಳೆದು ಕೊಡುತ್ತಾರೆ.

ಬಸ್ಸು ಹತ್ತುವುದು

ನಮ್ಮಲ್ಲಿ ಕಂಡಕ್ಟರ್ ಬರುತ್ತಾರೆ, ಚಿಲ್ಲರೆ ಟಿಕೆಟ್ ಹಿಂದೆ ಬರೆದುಕೊಡುತ್ತಾರೆ. ಅಲ್ಲಿ ಹಳ್ಳಿ ಬಸ್ಸುಗಳಲ್ಲಿ ಕಂಡಕ್ಟರ್ ಇಲ್ಲ. ಹೆಚ್ಚಾಗಿ ಹಿಂದಿನ ಬಾಗಿಲಲ್ಲಿ ಹತ್ತಬೇಕು. ಹತ್ತುವಾಗ ಪಕ್ಕದ ಪೆಟ್ಟಿಗೆಯಿಂದ ಒಂದು ಚೂರು ಕಾಗದ ನಾಲಿಗೆ ಚಾಚಿದ ಹಾಗೆ ಹೊರಗೆ ಬರುತ್ತದೆ, ಎಳೆದುಕೊಳ್ಳಿ. ಅದರ ಹೆಸರು ‘ಸೇರಿಕೆನ್’. ಅದರಲ್ಲಿ ಒಂದು ನಂಬರ್ ಇರುತ್ತದೆ, ಅಂದರೆ ನೀವು ಎಲ್ಲಿ ಹತ್ತಿದಿರಿ ಅನ್ನುವುದು. ಚಾಲಕರ ತಲೆಯ ಮೇಲಿನ ಬೋರ್ಡಿನಲ್ಲಿ ಆ ನಂಬರಿನ ಕೆಳಗೆ ದುಡ್ಡು ತೋರಿಸುತ್ತದೆ, ಬಸ್ಸು ಮುಂದೆ ಹೋದ ಹಾಗೆ ಅದು ಏರುತ್ತಾ ಹೋಗುತ್ತದೆ. ಇಳಿಯುವಾಗ ಮುಂದಿನ ಬಾಗಿಲಲ್ಲಿ ಕಾಗದ ಮತ್ತು ಅಷ್ಟೇ ದುಡ್ಡು ಪೆಟ್ಟಿಗೆಗೆ ಹಾಕಬೇಕು. ಆ ಪೆಟ್ಟಿಗೆ ಹೆಚ್ಚಾಗಿ ಬಾಕಿ ಚಿಲ್ಲರೆ ಕೊಡುವುದಿಲ್ಲ. ಪಕ್ಕದಲ್ಲೇ ಚಿಲ್ಲರೆ ಮಾಡುವ ಯಂತ್ರ ಇರುತ್ತದೆ, 1000 ಯೆನ್ ನೋಟು ಹಾಕಿದರೆ ನಾಣ್ಯ ಕೊಡುತ್ತದೆ, 5000, 10,000ದ ನೋಟಿಗೆ ಅದು ಆಗುವುದು ಕಡಿಮೆ. ಹಿಂದಿನ ದಿನವೇ ಯಾವುದಾದರೂ ಅಂಗಡಿಯಲ್ಲಿ ನೀರಿನ ಬಾಟಲಿ ತಗೊಂಡು ದೊಡ್ಡ ನೋಟು ಮುರಿಸಿ, 1000ದ ನೋಟು ಐದಾರು ಮತ್ತು 100ರ ನಾಣ್ಯ ಒಂದು ಹಿಡಿ ಇಟ್ಟುಕೊಳ್ಳಿ. ಮೊದಲೇ ದುಡ್ಡು ತುಂಬಿಸಿಟ್ಟು ಬಳಸುವ ಸುಯಿಕಾ ಥರದ ಕಾರ್ಡು ಟೋಕಿಯೊದಲ್ಲಿ ಎಲ್ಲ ಕಡೆ ನಡೆಯುತ್ತದೆ, ಬೆಟ್ಟದ ಬಸ್ಸಿನಲ್ಲಿ ನಡೆದರೆ ಒಳ್ಳೆಯದು, ನಡೆಯದಿದ್ದರೂ ತೊಂದರೆ ಆಗಬಾರದು.

ದೇಶಕ್ಕೆಲ್ಲ ನಡೆಯುವ ‘ಜೆಆರ್ ಪಾಸ್’ ಅನ್ನುವ ರೈಲು ಪಾಸಿನ ಬಗ್ಗೆ ಹಳೆಯ ಸಲಹೆ ಕೇಳಬೇಡಿ. 7 ದಿನದ ಪಾಸ್ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊದಲ್ಲಿದ್ದು ಒಂದು ನಾಸು ಮಾಡಿಬರಲು ಅದು ದಂಡ. ಟೋಕಿಯೊ ಸುತ್ತಮುತ್ತಕ್ಕೆ ಮೂರು ದಿನದ ಬೇರೆ ಪಾಸ್ ಇದೆ, ನಿಕ್ಕೊ, ಕವಾಗುಚಿಕೊ ಎಲ್ಲ ಸೇರಿಸಿ ಓಡಾಡುವವರು ಅದನ್ನು ಲೆಕ್ಕ ಹಾಕಿ ನೋಡಬಹುದು. ದೊಡ್ಡ ಸೂಟ್‌ಕೇಸನ್ನು ಹೋಟೆಲಿನಲ್ಲೇ ಬಿಡಿ, ಇಲ್ಲವೇ ಸ್ಟೇಷನ್ನಿನ ನಾಣ್ಯದ ಲಾಕರಿನಲ್ಲಿ.

ಮೇಲೆ ಏನಿರುತ್ತದೆ

ರೋಪ್‌ವೇ ಇಳಿದ ಕೂಡಲೇ ಮರ ಇಲ್ಲ. ಬೂದು ಬಣ್ಣದ ಕಲ್ಲಿನ ಚೂರು, ಅದರ ಮೇಲೆ ನಡೆಯುವುದು ಮನೆ ಕಟ್ಟುವಲ್ಲಿ ಸುರಿದ ಜಲ್ಲಿ ರಾಶಿಯ ಮೇಲೆ ನಡೆದ ಹಾಗೆ, ಎರಡು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಅಭ್ಯಾಸ ಇದ್ದರೆ ಉಸಿರಿಗೆ ತೊಂದರೆ ಇಲ್ಲ. ತೊಂದರೆ ಇಳಿಯುವಾಗ ಮಂಡಿಗೆ. ಹಾಗಾಗಿ ಹೊರಡುವ ಒಂದು ತಿಂಗಳ ಮುಂಚಿನಿಂದ ಬೆಳಿಗ್ಗೆ ಸಾವಿರ ಮೆಟ್ಟಿಲು ಹತ್ತಿ, 201 ನಂಬರ್ ಬಸ್ಸಿನಲ್ಲಿ ಇಳಿದು ಬರಬೇಡಿ, ನಡೆದೇ ಇಳಿಯಿರಿ, ಬೆನ್ನಿಗೆ ಐದು ಕೆಜಿ ಬ್ಯಾಗ್ ಇರಲಿ. ಮಂಡ್ಯ ಕಡೆಯವರಿಗೆ ಪಾಂಡವಪುರದ ಕುಂತಿಬೆಟ್ಟ ಇದೆ. ಹೊಸ ಬೂಟನ್ನು ಅಲ್ಲೇ ಹಳೆಯದು ಮಾಡಿಕೊಳ್ಳಿ.

ಚೌಸುವಿನ ಪಶ್ಚಿಮ ಮಗ್ಗುಲಿಗೆ ಹೋದರೆ ಮೊದಲು ಸದ್ದು ಕೇಳಿಸುತ್ತದೆ. ಮೈಸೂರು ರೈಲ್ವೆ ಮ್ಯೂಸಿಯಮ್ಮಿನ ಹಳೆ ಉಗಿಬಂಡಿಗೆ ಜೀವ ಬಂದ ಹಾಗೆ ಒಂದೇ ಸಮನೆ ‘ಗೊರ್’ ಅನ್ನುತ್ತದೆ. ಆಮೇಲೆ ಕಾಣುತ್ತದೆ: ಕಲ್ಲಿನ ಸಂದುಗಳಿಂದ ಬಿಳಿ ಹಬೆ, ಸಂದಿನ ತುಟಿಗಳಿಗೆ ನಿಂಬೆ ಹಳದಿಯ ಗಂಧಕ ಹರಳುಗಟ್ಟಿ ಮೆತ್ತಿಕೊಂಡಿರುತ್ತದೆ. ಈ ಜಾಗಕ್ಕೆ ಅವರು ‘ಮುಗೆನ್ ಜಿಗೊಕು’ ಅನ್ನುತ್ತಾರೆ. ‘ಜಿಗೊಕು’ ಅಂದರೆ ನರಕ. ಹಿಂದೆ ಇಲ್ಲಿ ಗಂಧಕ ತೆಗೆಯುತ್ತಿದ್ದರು. ತಂಗಿ ಮಾತಿಲ್ಲದೆ ನಿಂತುಬಿಟ್ಟಳು. ದಾರಿಯ ಪಕ್ಕದ ನೆಲಕ್ಕೆ ಅಂಗೈ ಇಟ್ಟು ನೋಡಿದೆವು, ಆಗ ತಾನೇ ಇಳಿಸಿದ ದೋಸೆ ಹೆಂಚಿನ ಪಕ್ಕದ ಕಟ್ಟೆಯ ಹಾಗೆ ಬೆಚ್ಚಗಿತ್ತು.

ನೋಡಿ, ಮುಂದೆ ನಡೆಯಿರಿ. ಅಲ್ಲಿ ಕೂತು ಊಟ ಮಾಡಬೇಡಿ, ದಾರಿಯ ಗುರುತು ಬಿಟ್ಟು ಹಬೆಯ ಹತ್ತಿರ ಹೋಗಬೇಡಿ. ಕೊಳೆತ ಮೊಟ್ಟೆಯ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡಿನದು. ಇದರ ಮೋಸ ಏನಂದರೆ, ಪ್ರಮಾಣ ಜಾಸ್ತಿಯಾದಾಗ ಮೂಗು ಕೆಲಸ ನಿಲ್ಲಿಸುತ್ತದೆ, ವಾಸನೆ ಹೋಯಿತು ಅಂತ ಸಮಾಧಾನವಾಗುವ ಹೊತ್ತಿಗೇ ಅಪಾಯ ಕುತ್ತಿಗೆಗೆ ಬಂದಿರುತ್ತದೆ. ಗಾಳಿಗಿಂತ ಭಾರ, ಹಾಗಾಗಿ ಗಾಳಿ ಇಲ್ಲದ ದಿನ ತಗ್ಗಿನಲ್ಲಿ ನೀರು ನಿಂತ ಹಾಗೆ ನಿಲ್ಲುತ್ತದೆ. 1997ರ ಸೆಪ್ಟೆಂಬರಿನಲ್ಲಿ ಫುಕುಶಿಮಾದ ಅದತಾರ ಬೆಟ್ಟದಲ್ಲಿ ನಾಲ್ಕು ಜನ ಕುಳಿಯ ತಗ್ಗಿನಲ್ಲಿ ಹೀಗೇ ಸತ್ತರು. ವಾಸನೆ ಗಾಢವಾದರೆ ಒದ್ದೆ ಟವೆಲನ್ನು ಮೂಗಿಗೆ ಹಿಡಿದು ಎತ್ತರದ ಕಡೆ, ಗಾಳಿ ಬರುವ ಕಡೆ ನಡೆಯಿರಿ.

ನಾಸುವಿನ ಇನ್ನೊಂದು ಕಷ್ಟ ಗಾಳಿ. ಮಿನೆ ನೊ ಚಾಯಾ ಅಂದರೆ ಶಿಖರದ ಚಹಾ ಅಂಗಡಿ ಅಂತ ಅರ್ಥ, ಈಗ ಅಲ್ಲಿ ಚಹಾ ಇಲ್ಲ, ಆಪತ್ತಿಗೆ ನುಗ್ಗಿಕೊಳ್ಳಲು ಒಂದು ಗುಡಿಸಲು ಮಾತ್ರ ಇದೆ. ಎರಡು ಶಿಖರಗಳ ನಡುವಿನ ಆ ತಗ್ಗಿನಲ್ಲಿ ಗಾಳಿಯೆಲ್ಲ ಒಟ್ಟಿಗೆ ನುಗ್ಗುತ್ತದೆ. ನಾವು ಹೋದ ದಿನ ಅಂಥ ದೊಡ್ಡ ಗಾಳಿಯೇನೂ ಇರಲಿಲ್ಲ, ಆದರೂ ಟೋಪಿ ಕೈಯಲ್ಲಿ ಹಿಡಿದೇ ನಡೆದೆವು. 100 ಮೀಟರ್ ಏರಿದರೆ ಸುಮಾರು 0.6 ಡಿಗ್ರಿ ಚಳಿ ಜಾಸ್ತಿ, ಗಾಳಿ ಸೆಕೆಂಡಿಗೆ 1 ಮೀಟರ್ ಜೋರಾದರೆ ಮೈಗೆ ಇನ್ನೊಂದು ಡಿಗ್ರಿ ಕಡಿಮೆ ಅನ್ನುವುದು ಬೆಟ್ಟ ಹತ್ತುವವರ ಲೆಕ್ಕ. ಟೋಕಿಯೊದಲ್ಲಿ 22 ಡಿಗ್ರಿ ಇದ್ದರೆ ತುದಿಯಲ್ಲಿ 11ರ ಹತ್ತಿರ, ಗಾಳಿ 10 ಮೀಟರ್ ಇದ್ದರೆ ಮೈಗೆ ಸೊನ್ನೆ ಡಿಗ್ರಿಯ ಹಾಗೆ. ಮೈಸೂರಿನ ಡಿಸೆಂಬರ್ ಬೆಳಗಿನ ಸ್ವೆಟರ್ ಸಾಲದು, ಗಾಳಿ ತಡೆಯುವ ಜಾಕೆಟ್ ಬೇಕು. ಜಾಸ್ತಿ ಗಾಳಿ ಇದ್ದರೆ ರೋಪ್‌ವೇ ನಿಲ್ಲಿಸುತ್ತಾರೆ. ಆಗ ನಡೆದೇ ಹತ್ತೋಣ ಅಂತ ಹೊರಡಬೇಡಿ, ರೋಪ್‌ವೇ ನಿಲ್ಲಿಸುವ ಗಾಳಿ ಬೆಟ್ಟದ ಮೇಲೆ ಮನುಷ್ಯನನ್ನೂ ನಿಲ್ಲಗೊಡುವುದಿಲ್ಲ. ಚಳಿಗಾಲದಲ್ಲಿ, ಡಿಸೆಂಬರಿನಿಂದ ಮಾರ್ಚ್ ಮಧ್ಯದವರೆಗೆ, ಅದು ಹೇಗೂ ಮುಚ್ಚಿರುತ್ತದೆ.

ಹತ್ತಲಾಗದಿದ್ದರೆ

ಇದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಅಲ್ಲಿ ನಿಂತು ಯೋಚಿಸಿದರೆ ‘ಇಷ್ಟು ದೂರ ಬಂದಿದ್ದೇವೆ’ ಅನ್ನುವ ಮಾತೇ ಗೆದ್ದುಬಿಡುತ್ತದೆ. ಅದೇ ಬಸ್ಸಿನ ದಾರಿಯಲ್ಲಿ ನಾಸು ಯುಮೊತೊ ಇದೆ. ಅಲ್ಲಿ ‘ಸೆಶ್ಶೊಸೆಕಿ’, ಅಂದರೆ ಕೊಲ್ಲುವ ಕಲ್ಲು. ಒಂಬತ್ತು ಬಾಲದ ನರಿ ಹೆಣ್ಣಿನ ರೂಪದಲ್ಲಿ ರಾಜನನ್ನು ಮರುಳು ಮಾಡಿ, ಕೊನೆಗೆ ಇಲ್ಲಿ ಕಲ್ಲಾಗಿ, ಹತ್ತಿರ ಬಂದ ಪ್ರಾಣಿಗಳನ್ನೆಲ್ಲ ವಿಷಗಾಳಿಯಿಂದ ಕೊಲ್ಲುತ್ತಿತ್ತು ಅನ್ನುವುದು ಕತೆ. ಆ ನರಿ ಜಪಾನಿಗೆ ಬರುವ ಮುಂಚೆ ಚೀನಾದಲ್ಲೂ ನಮ್ಮ ಭಾರತದಲ್ಲೂ ರಾಜರನ್ನು ಕೆಡಿಸಿ ಬಂದಿತ್ತಂತೆ! ಆ ಇಳಿಜಾರಿನಲ್ಲಿ ನಿಜವಾಗಿಯೂ ವಿಷದ ಅನಿಲ ಹೊರಡುತ್ತದೆ. ಹತ್ತಿರ ಹೋಗಬೇಡ ಅನ್ನುವುದನ್ನು ಹಳಬರು ಕತೆಯಾಗಿ ಹೇಳಿಕೊಟ್ಟಿದ್ದಾರೆ. ಆ ಕಲ್ಲು 2022ರ ಮಾರ್ಚಿನಲ್ಲಿ ಎರಡು ಹೋಳಾಯಿತು. ಪಕ್ಕದಲ್ಲೇ ‘ಶಿಕಾ ನೊ ಯು’ ಅನ್ನುವ ಹಳೆಯ ಬಿಸಿನೀರ ಸ್ನಾನದ ಮನೆ, 41 ಡಿಗ್ರಿಯಿಂದ 48 ಡಿಗ್ರಿವರೆಗೆ ಬೇರೆ ಬೇರೆ ತೊಟ್ಟಿಗಳು. 48ಕ್ಕೆ ಕಾಲು ಹಾಕುವ ಮುಂಚೆ 41ರಲ್ಲಿ ಕೂತು ನೋಡಿ.

ಊಟದ ವಿಷಯ. ಬೆಟ್ಟದ ಬುಡದ ಹೋಟೆಲಿನಲ್ಲಿ ಸಸ್ಯಾಹಾರ ಸಿಗುವ ನಂಬಿಕೆ ಇಟ್ಟುಕೊಳ್ಳಬೇಡಿ, ಸಾರಿನಲ್ಲೇ ಮೀನು ಇರುತ್ತದೆ. ನಾವು ಹುರಿದ ಅವಲಕ್ಕಿ, ಚಟ್ನಿಪುಡಿ, ಮಂಡ್ಯದ ಅಚ್ಚುಬೆಲ್ಲ, ಕಡಲೆಬೀಜ ಒಯ್ದಿದ್ದೆವು. ತುದಿಯಲ್ಲಿ ಬೆಲ್ಲ, ಕಡಲೆಬೀಜ ಬಾಯಿಗೆ ಹಾಕಿಕೊಂಡಾಗ ಕಾಲಿಗೆ ಶಕ್ತಿ ಬಂದದ್ದು ನಿಜ. ಹಸಿ ಕರಿಬೇವು, ರಸಬಾಳೆ, ಮಾವಿನ ಹಣ್ಣು ಒಯ್ಯಬೇಡಿ, ಹಸಿ ಗಿಡ, ಹಣ್ಣು, ಮಾಂಸಕ್ಕೆ ವಿಮಾನ ನಿಲ್ದಾಣದಲ್ಲಿ ತಡೆ ಇದೆ. ಕಸ ಹಾಕಲು ಬೆಟ್ಟದಲ್ಲಿ ಎಲ್ಲೂ ತೊಟ್ಟಿ ಇಲ್ಲ, ಕವರ್ ವಾಪಸ್ ಬ್ಯಾಗಿಗೆ. ಕರಡಿ ಇರುವ ಜಾಗ, ಬ್ಯಾಗಿಗೆ ಒಂದು ಗಂಟೆ ಕಟ್ಟಿ. ಇನ್ಶೂರೆನ್ಸ್ ತಗೊಳ್ಳುವಾಗ ಬೆಟ್ಟ ಹತ್ತುವುದು, ಕಾಪಾಡಲು ಬರುವ ಹೆಲಿಕಾಪ್ಟರ್ ಎರಡೂ ಸೇರಿವೆಯೇ ಅಂತ ಕೇಳಿ.

ಕೊನೆಯದಾಗಿ ‘ತೊಝಾನ್ ತೊದೊಕೆ’. ಯಾರು, ಯಾವ ದಾರಿ, ಎಷ್ಟು ಹೊತ್ತಿಗೆ ಇಳಿಯುತ್ತೇವೆ ಅಂತ ಮುಂಚೆ ಬರೆದು ಕೊಡುವ ಚೀಟಿ ಇದು. ಕೆಲವು ಪ್ರಾಂತ್ಯಗಳ ಕೆಲವು ಬೆಟ್ಟಗಳಿಗೆ ಕಡ್ಡಾಯ, ಉಳಿದ ಕಡೆ ಕಡ್ಡಾಯ ಇಲ್ಲದಿದ್ದರೂ ಕೊಡಿ. ದಾರಿ ಶುರುವಾಗುವಲ್ಲಿ ಪೆಟ್ಟಿಗೆ ಇರುತ್ತದೆ, ‘ಕಂಪಾಸ್’ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲೂ ಕೊಡಬಹುದು. ಅದರಲ್ಲಿ ಕೊಟ್ಟರೆ ಇಳಿದ ಮೇಲೆ ಇಳಿದೆ ಅಂತ ತಿಳಿಸಲೇಬೇಕು, ಮರೆತರೆ ನೀವು ಹೆಸರು ಕೊಟ್ಟ ಮನೆಯವರಿಗೆ ಸಂದೇಶ ಹೋಗುತ್ತದೆ. ಹಾಗಾಗಿ ಬಸ್ಸಿನಲ್ಲಿ ಸೀಟು ಸಿಕ್ಕಿದ ಕೂಡಲೇ ಮೊದಲು ಆ ಬಟನ್ ಒತ್ತಿ. ಆಮೇಲೆ ಮನೆಗೊಂದು ಫೋನ್ ಮಾಡಿ. ಅಲ್ಲಿ ಸಂಜೆ 5 ಅಂದರೆ ಮೈಸೂರಿನಲ್ಲಿ ಮಧ್ಯಾಹ್ನ ಒಂದೂವರೆ, ಅಮ್ಮ ಊಟಕ್ಕೆ ಕೂತಿರುತ್ತಾರೆ.